ಅವ್ವ ನೀರು ಹಾಕಿದ ಮಕ್ಕಳು

ಅವ್ವನ ಜೊತೆ ಯಸಳೂರು ಪೇಟೆಗೆ ಹೋಗುವುದೆಂದರೆ ನನಗೆ ಈಗಲೂ ಮುಜುಗರ. ಹೊಟ್ಟೆ ಬಂದ, ಮೀಸೆ ತಿರುವಿದ ಗಂಡಸು ಯಾರಾದರೂ ಜೀಪಿನಿಂದ ಇಳಿದು ಬಂದು ಕೈಮುಗಿದರೆ ಅವ್ವ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಏನ್ ಕಿರುಚ್ತಿದ್ದೆ ಮಾರಾಯ ನೀನು, ಆಚೆ ಗುಡ್ಡಕ್ಕೂ ಕೇಳ್ತಿತ್ತು" ಎನ್ನುತ್ತಾಳೆ. ಆ ಮನುಷ್ಯ ನಾಚಿ ನಗುತ್ತಾನೆ. ಪಂಚಾಯ್ತಿ ಮೆಂಬರಾಗಲಿ, ಎಸ್ಟೇಟಿನ ರೈಟರಾಗಲಿ, ಎಲ್ಲರಿಗೂ ಇದೇ ಉಪಚಾರ. ಯಾಕೆಂದರೆ ಇವರೆಲ್ಲ ಹುಟ್ಟಿದ ಹೊಸದರಲ್ಲಿ ಅವ್ವನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವರು.

ನಮ್ಮ ಕಡೆ ಎಳೆಗೂಸಿಗೆ ನೀರು ಹಾಕುವುದೆಂದರೆ ಅದಕ್ಕೊಂದು ಕ್ರಮವಿದೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆಯನ್ನು ಮಂಡಿಯವರೆಗೆ ಎತ್ತಿ, ಎರಡು ಕಾಲನ್ನೂ ಜೋಡಿಸಿ ಮುಂದಕ್ಕೆ ಚಾಚಬೇಕು. ಆ ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿ, ನೆತ್ತಿಗೆ ಹರಳೆಣ್ಣೆ ಹಾಕಿ, ಮೈಯೆಲ್ಲ ನೀವಿ, ಕೈಕಾಲನ್ನು ಎದೆಯ ಮೇಲೆ ಅಡ್ಡಡ್ಡ ಮಡಿಸಿ ಬಿಡಿಸಿ, ಹಂಡೆಯ ಬಿಸಿನೀರನ್ನು ಹದ ಮಾಡಿಕೊಂಡು ಹಾಕಬೇಕು. ನಡುವೆ ಮೂಗನ್ನು ಎರಡು ಬೆರಳಲ್ಲಿ ಮೆಲ್ಲಗೆ ತೀಡಬೇಕು, ಇಲ್ಲದಿದ್ದರೆ ಮೂಗು ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ ಎಂಬುದು ಅವ್ವನ ಸಿದ್ಧಾಂತ. ಕೊನೆಯದಾಗಿ ಒಂದು ಬೊಗಸೆ ನೀರನ್ನು ಮಗುವಿನ ಸುತ್ತ ನಿವಾಳಿಸಿ ಪಕ್ಕಕ್ಕೆ ಚೆಲ್ಲಿದರೆ ಸ್ನಾನ ಮುಗಿದಂತೆ.

ಅವ್ವ ಈ ಕೆಲಸ ಕಲಿತದ್ದು ನನ್ನ ಮೇಲೆ. ಅವಳು ಈ ಊರಿಗೆ ಸೊಸೆಯಾಗಿ ಬಂದಾಗ ನೀರು ಹಾಕುವ ಮುದುಕಿಯೊಬ್ಬರಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಬೇರೆ ಯಾರೂ ಸಿಗದೆ, ಬಾಣಂತಿಯಾಗಿದ್ದ ಅವ್ವ ತಾನೇ ಮಣೆ ಹಾಕಿಕೊಂಡು ಕೂತಳು. ಅದರ ಗುರುತು ನನ್ನ ಮುಖದ ಮೇಲೆ ಇಂದಿಗೂ ಇದೆ. ನನ್ನ ತಮ್ಮನದು ಎಳೆದು ನಿಲ್ಲಿಸಿದಂಥ ನೇರ ಮೂಗು. ನನ್ನದು ಮಾತ್ರ ನಡುವೆ ತಗ್ಗಿ, ತುದಿಯಲ್ಲಿ ಅಗಲವಾಗಿ ಕೂತಿದೆ. ಮದುವೆಯ ವಯಸ್ಸಿನಲ್ಲಿ ಕನ್ನಡಿ ಮುಂದೆ ನಿಂತು ಅವ್ವನ ಮೇಲೆ ರೇಗುತ್ತಿದ್ದೆ. "ಅದು ನಿಮ್ಮಪ್ಪನ ಮೂಗು, ಅವರನ್ನೇ ಕೇಳು" ಎಂದು ಅವಳು ಒಲೆಯ ಕಡೆ ತಿರುಗುತ್ತಿದ್ದಳು. ಅಪ್ಪನ ಮೂಗು ಚೆನ್ನಾಗಿಯೇ ಇತ್ತು.

ನನ್ನ ನಂತರ ಪಕ್ಕದ ಮನೆಯ ಮಗು, ಆಮೇಲೆ ಕೆಳಗಿನ ಕೇರಿಯದು, ಆಮೇಲೆ ಎಸ್ಟೇಟ್ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳು. ಬೆಳಿಗ್ಗೆ ನಮ್ಮ ತಿಂಡಿ ಮುಗಿಸಿ, ಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟಳೆಂದರೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಯ ಬಚ್ಚಲಿಗೆ ನೇರ ನಡೆಯುತ್ತಿದ್ದಳು. ಸಾವುಕಾರರ ಮನೆ, ಲೈನು ಎಂಬ ಭೇದವಿರಲಿಲ್ಲ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮಗು ಮಲಗಿದ ಮೇಲೆ ಒಂದು ಲೋಟ ಬೆಲ್ಲದ ಕಾಫಿ ಮಾತ್ರ ಕುಡಿಯುತ್ತಿದ್ದಳು, ಅದೂ ಹಬೆಯಾಡುತ್ತಿರಬೇಕು. ಆರಿದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದಳು.

ಹೀಗೆ ಊರಿನ ಅರ್ಧ ಜನ ತನ್ನ ಕಾಲ ಮೇಲೆ ಮಲಗಿದವರೇ ಆದ ಮೇಲೆ ಅವ್ವ ಅದನ್ನು ಚೆನ್ನಾಗಿ ಬಳಸಿಕೊಂಡಳು. ಪೋಲಿಯೋ ಹನಿ ಹಾಕುವ ಭಾನುವಾರಗಳಲ್ಲಿ ನರ್ಸಮ್ಮನ ಮುಂದೆ ನಡೆಯುತ್ತಿದ್ದವಳು ಇವಳೇ. ಯಾರಾದರೂ ಅಪ್ಪ ಬಾಗಿಲಲ್ಲಿ ನಿಂತು ಬೇಡವೆಂದರೆ, "ನಿಂಗೆ ನೀರು ಹಾಕ್ದೋಳು ನಾನು, ನಿನ್ನ ಮಗೀಗೆ ಎರಡು ಹನಿ ಹಾಕ್ಸಕ್ಕೆ ನಿನ್ನ ಕೇಳ್ಬೇಕೇನೋ" ಎಂದು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತಿದ್ದಳು. ಸಕಲೇಶಪುರದ ಬಸ್ಸು ನಮ್ಮ ತಿರುವಿನವರೆಗೆ ಬರಲು ಶುರುವಾದದ್ದೂ, ಅವಳ ಕಾಲ ಮೇಲಿನ ಹಳೆಯ ಗಿರಾಕಿಯೊಬ್ಬ ಅದರ ಡ್ರೈವರಾದ ಮೇಲೆ. ಈಗ ಕಾಡಾನೆಗಳು ತೋಟಕ್ಕೆ ಇಳಿದ ದಿನ ಲೈನಿನವರಿಗೆಲ್ಲ ಫೋನ್ ಮಾಡಿ ಹೊರಗೆ ಬರಬೇಡಿ ಎಂದು ಗದರುವುದೂ ಅವಳೇ. ಮಹಿಳಾ ಸಂಘದವರು ಅಧ್ಯಕ್ಷೆಯಾಗಿ ಎಂದು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. "ಕುರ್ಚಿ ಮೇಲೆ ಕೂತ್ರೆ ಕಾಲು ಚಾಚಕ್ಕಾಗಲ್ಲ ಕಣ್ರವ್ವ" ಎಂದು ಹೇಳಿ ಕಳಿಸಿದಳು.

ಆ ಕಾಲೇ ಕೈಕೊಟ್ಟಿತು. ಎಂಬತ್ತರ ಹತ್ತಿರ ಬಂದಾಗ ಮಂಡಿಗಳು ಊದಿಕೊಂಡು, ಮಣೆಯ ಮೇಲೆ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಊರಲ್ಲಿ ಹೆರಿಗೆಗಳೂ ಕಡಿಮೆಯಾಗಿದ್ದವು, ಹೊಸ ತಾಯಂದಿರು ಪ್ಲಾಸ್ಟಿಕ್ ಟಬ್ಬು ತರುತ್ತಿದ್ದರು, ಹಾಗಾಗಿ ಯಾರೂ ಅಷ್ಟಾಗಿ ಗಮನಿಸಲಿಲ್ಲ. ತಮ್ಮ ಬಲವಂತ ಮಾಡಿ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಡಾಕ್ಟರು ಸಮಾಧಾನದ ಮನುಷ್ಯ. ಮಂಡಿ ಬದಲಾಯಿಸಿದರೆ ನೋವಿಲ್ಲದೆ ನಡೆಯಬಹುದು ಎಂದು ಬಿಡಿಸಿ ಹೇಳಿದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ಮಣೆ ಮೇಲೆ ಕೂರ್ಬೋದಾ?"

"ಕುರ್ಚಿ ಮೇಲೆ ಕೂರಿ ಅಜ್ಜಿ, ಮಂಚದ ಮೇಲೆ ಕೂರಿ. ನೆಲದ ಮೇಲೆ ಮಾತ್ರ ಬೇಡ."

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಹಂಗಾದ್ರೆ ಈಗ್ಬೇಡ. ನನ್ನ ಮೊಮ್ಮಗಳು ಬಸುರಿ ಅವ್ಳೆ. ಮರಿಮಗೀಗೆ ನೀರು ಹಾಕಿ ಆಮೇಲೆ ಬತ್ತೀನಿ" ಎಂದಳು.

ಆ ಮೊಮ್ಮಗಳು ನನ್ನ ಮಗಳು. ಹೆರಿಗೆಗೆ ನನ್ನ ಮನೆಗೇ ಬರುವವಳಿದ್ದಳು. ನನ್ನನ್ನು ಕೊಟ್ಟಿದ್ದು ಅದೇ ಊರಿನ ಮೇಲಿನ ಮನೆಗೆ, ಅವ್ವ ಮತ್ತು ತಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಒಂದು ತೋಟ. ದಾರಿಯುದ್ದಕ್ಕೂ ತಮ್ಮ ಕಾರಿನಲ್ಲಿ ಸಿಡುಕುತ್ತಾ ಬಂದ. ಅವ್ವ ಕಿಟಕಿಯಿಂದ ಆಚೆ ನೋಡುತ್ತಾ ಯಾರ ತೋಟದಲ್ಲಿ ಕಾಫಿ ಹಣ್ಣಾಗಿದೆ ಎಂದು ಲೆಕ್ಕ ಹಾಕುತ್ತಿದ್ದಳು. ನನಗೆ ಮಾತ್ರ ಒಂದೇ ಯೋಚನೆ. ಈ ಮಂಡಿಯಲ್ಲಿ ಅವಳು ಮಗು ಮಲಗಿಸಿಕೊಳ್ಳುವುದು ಹೇಗೆ? ಬೇಡವೆನ್ನುವುದು ಹೇಗೆ? ಅವಳು ಬಿಟ್ಟರೆ ಹಾಕುವವರು ಯಾರು? ನನ್ನ ಮಗಳಿಗೂ ಅವ್ವನೇ ಹಾಕಿದ್ದು. ಎಣ್ಣೆ ಹಚ್ಚಿದ ಎಳೆಗೂಸು ಕಂಡರೆ ನಾನು ದೂರ ಸರಿಯುವವಳು. ಜಾರಿಬಿಟ್ಟರೆ ಎಂಬ ಭಯ ನನಗೆ ಯಾವತ್ತೂ ಹೋಗಿಲ್ಲ.

ಕಾಫಿ ಕುಯ್ಲು ಶುರುವಾಗಿತ್ತು. ಒಂದು ದಿನ ಮಧ್ಯಾಹ್ನ, ಮಗುವಿನ ಬಟ್ಟೆಗೆಂದು ಹಳೆಯ ಹತ್ತಿ ಸೀರೆ ಕೇಳಿಕೊಂಡು ಅವ್ವನ ಮನೆಗೆ ಹೋದೆ. ತಮ್ಮ, ಅವನ ಹೆಂಡತಿ ಇಬ್ಬರೂ ತೋಟದಲ್ಲಿದ್ದರು. ಮನೆಯಲ್ಲಿ ಯಾರೂ ಇಲ್ಲ, ಬಚ್ಚಲಿಂದ ನೀರು ಸುರಿಯುವ ಸದ್ದು ಮಾತ್ರ. ಜೊತೆಗೆ ಅವ್ವನ ದನಿ. "ಆಯ್ತು ಆಯ್ತು, ಇನ್ನೊಂದೇ ಚೊಂಬು, ಅಳ್ಬೇಡ ನನ್ನ ಬಂಗಾರ."

ಬಾಗಿಲು ನೂಕಿದೆ. ಅವ್ವ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಕಾಲ ಮೇಲೆ ಒಂದು ಬೂದುಗುಂಬಳಕಾಯಿ. ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಾಳೆ.

"ಏನೇ ಅವ್ವ ಇದು?"

"ಕುಂಬ್ಳಕಾಯಿ ತೊಳೀತಿದ್ದೆ" ಎಂದಳು, ಮುಖ ಎತ್ತದೆ.

ನನಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. ಆದರೆ ಅವ್ವ ನಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಕುಂಬಳಕಾಯಿಯ ಒಂದು ಮಗ್ಗುಲು ಒಡೆದು ತಿರುಳು ಕಾಣುತ್ತಿತ್ತು. ಹಂಡೆಯ ಕೆಳಗೆ ಬೆಂಕಿ ಆರಿತ್ತು, ಚೊಂಬಿನ ನೀರು ತಣ್ಣಗಿತ್ತು. ಅವಳು ಕೂತು ಬಹಳ ಹೊತ್ತಾಗಿದೆ, ಏಳಲಾಗುತ್ತಿಲ್ಲ, ಕೂಗಲು ಮನಸ್ಸಿಲ್ಲ, ಸುಮ್ಮನಿರಲಾರದೆ ಕಾಯಿಗೆ ನೀರು ಹಾಕುತ್ತಲೇ ಇದ್ದಾಳೆ ಎಂದು ಆಗ ಅರ್ಥವಾಯಿತು.

"ಬಲಗಡೆ ಮಂಡಿ ಚಳಕ್ ಅಂತು ಕಣೇ" ಎಂದಳು ಅವ್ವ. "ಕಾಲು ತಾನಾಗೇ ಮೇಲಕ್ಕೆದ್ದು ಜಾರ್ಬುಡ್ತು. ನಾನು ಹಿಡ್ಕೊಳ್ಳೋದ್ರೊಳಗೆ ಬಿದ್ದೋಯ್ತು."

ಹಾಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ತೀರಿಹೋದ ದಿನವೂ ಬಂದವರಿಗೆ ಸಮಾಧಾನ ಹೇಳುತ್ತಾ ಓಡಾಡಿದವಳು ಅವಳು. ಕುಂಬಳಕಾಯಿಯನ್ನು ಹಿಡಿದುಕೊಂಡು ಅತ್ತಳು. ನನಗೂ ಅಳು ಬಂತು. ಅವ್ವನ ನೆರೆಮನೆಯವಳನ್ನು ಕರೆದು, ಇಬ್ಬರೂ ತೋಳು ಕೊಟ್ಟು ಅವಳನ್ನು ಎಬ್ಬಿಸಿದೆವು. ಆ ಕುಂಬಳಕಾಯಿಯನ್ನು ಅವತ್ತು ಮಜ್ಜಿಗೆಹುಳಿ ಮಾಡಿದೆವು. ಅವ್ವ ತಟ್ಟೆಗೆ ಬಡಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅವಳು ನೀರು ಹಾಕುವ ಮಾತೇ ಎತ್ತಲಿಲ್ಲ. ಅಷ್ಟೇ ಆಗಿದ್ದರೆ ನಮಗೆ ಸಮಾಧಾನವಾಗಬೇಕಿತ್ತು. ಆದರೆ ಆಪರೇಷನ್ನಿನ ಮಾತೂ ನಿಂತುಹೋಯಿತು. ತಮ್ಮ ಕೇಳಿದರೆ, "ಇನ್ಯಾಕಪ್ಪ ನಂಗೆ ಮಂಡಿ" ಎಂದುಬಿಟ್ಟಳು. ಆನೆ ಬಂದ ದಿನ ಫೋನ್ ಮಾಡುವುದನ್ನು ಬಿಟ್ಟಳು. ಸಂಘದ ಹೆಂಗಸರು ಬಂದು ಕೂತರೆ ಹೂಂಗುಟ್ಟಿ ಕಳಿಸುತ್ತಿದ್ದಳು. ಮಗಳನ್ನು ಸಕಲೇಶಪುರದ ಆಸ್ಪತ್ರೆಗೆ ಸೇರಿಸಿ, ಹೆಣ್ಣುಮಗುವಾಗಿ, ಮನೆಗೆ ಕರೆತಂದಾಗ ಮಾತ್ರ ತಮ್ಮನ ಕಾರಿನಲ್ಲಿ ಬಂದು ಕುರ್ಚಿಯ ಮೇಲೆ ಕೂತು ಮಗುವಿನ ಹಣೆಗೆ ವಿಭೂತಿ ಇಟ್ಟಳು. ಇಟ್ಟು, ಕೈ ಮಡಿಲಿಗೆಳೆದುಕೊಂಡಳು. ಮುಟ್ಟಿ ನೀವಿ ಎತ್ತಿ ಅಲ್ಲಾಡಿಸಿ ನೋಡುವ ಅವ್ವ ಹಾಗೆ ಸುಮ್ಮನೆ ಕೂತುಬಿಟ್ಟಳು. ಮಂಡಿಯೊಂದೇ ಅಲ್ಲ, ಅವ್ವನೇ ಕೈಬಿಟ್ಟು ಹೋಗುತ್ತಿದ್ದಾಳೆ ಎನ್ನಿಸಿತು.

ಮಗುವಿನ ಹೊಕ್ಕುಳು ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಕಾಲ ಹಾಕಿದೆವು. ಅದು ಬಿದ್ದ ಮೇಲೆ ಬಂದದ್ದು ಒಂದು ರಜೆಯ ದಿನ. ನನ್ನ ಅಳಿಯ ಕೆ. ಹೊಸಕೋಟೆ ಕಡೆ ಲೈನ್‌ಮ್ಯಾನ್, ಕರೆಂಟ್ ಕಂಬ ಹತ್ತುವ ಕೆಲಸ. ಬೆಳಿಗ್ಗೆಯೇ ಬಸ್ಸಿಳಿದು ಬಂದಿದ್ದ. ಮಗಳು ತಂದಿಟ್ಟಿದ್ದ ಗುಲಾಬಿ ಬಣ್ಣದ ಟಬ್ಬನ್ನು ಅಂಗಳದಲ್ಲಿ ತೊಳೆದಿಟ್ಟಿದ್ದೆ. ತಮ್ಮ ಕರೆತಂದು ಬಿಟ್ಟಿದ್ದ ಅವ್ವ ಜಗುಲಿಯ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

"ಇದು ಸೊಪ್ಪು ತೊಳ್ಯೋದಲ್ವೇನೇ?"

"ಅಜ್ಜಿ, ಮಗು ಸ್ನಾನಕ್ಕೆ ಅಂತಾನೇ ಮಾಡಿರೋದು" ಎಂದಳು ಮಗಳು.

"ಬೆನ್ನಿಗೆ ಬಿಸಿ ಎಲ್ಲಿ ಸಿಕ್ತದೆ ಅದ್ರಲ್ಲಿ? ಮನುಷ್ಯರ ಕಾಲಿನ ಬಿಸಿ ತಾಗ್ಬೇಕು ಮಗೀಗೆ" ಎಂದಳು ಅವ್ವ.

ಅಷ್ಟರಲ್ಲಿ ಅಳಿಯ ಪ್ಯಾಂಟು ಬದಲಿಸಿ ಚಡ್ಡಿ ಹಾಕಿಕೊಂಡು, ಸೌದೆ ಎತ್ತಿಕೊಡಲು ಅಂಗಳಕ್ಕೆ ಬಂದ. ಅವ್ವನ ಕಣ್ಣು ಟಬ್ಬಿನಿಂದ ಅವನ ಕಾಲಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅವಳು ಅವನ ಕಾಲನ್ನು ನೋಡುತ್ತಿದ್ದಳು. ಅವನು ಸೌದೆ ಹಿಡಿದುಕೊಂಡು ಸಂಕೋಚದಿಂದ ನಿಂತ.

"ಅಳಿಯಂದ್ರೇ, ಒಂದ್ಸಲ ಕಾಲು ಚಾಚ್ಕೊಂಡು ಕೂತ್ಕೊಳ್ಳಿ ನೋಡಾಣ."

"ಯಾಕಜ್ಜಿ?"

"ಕೂತ್ಕೊಳ್ಳಿ ಅಂದೆ."

ಅವನು ಜಗುಲಿಯ ಮೇಲೆ ಕೂತು ಕಾಲು ಚಾಚಿದ. ಅವ್ವ ಕೋಲೂರಿಕೊಂಡು ಬಂದು, ಕೋಲಿನ ತುದಿಯಿಂದ ಅವನ ಎರಡು ಕಾಲನ್ನೂ ಜೋಡಿಸಿ, ನಡುವಿನ ತಗ್ಗು ನೋಡಿದಳು. "ಕೂದ್ಲು ಜಾಸ್ತಿ ಐತೆ. ಇರ್ಲಿ, ಜಾರಲ್ಲ" ಎಂದಳು. ನಮ್ಮ ಪಕ್ಕದ ಮನೆಯವಳು ಬೇಲಿಯಾಚೆಯಿಂದಲೇ, "ಗಂಡಸ್ರು ಬಾಣಂತಿ ಬಚ್ಚಲಿಗೆ ಬರೋದುಂಟಾ ದೊಡ್ಡವ್ವ?" ಎಂದಳು. ಅವ್ವ ಆ ಕಡೆ ತಿರುಗಿಯೂ ನೋಡದೆ, "ನಿನ್ನ ಗಂಡ ನನ್ನ ಕಾಲ ಮೇಲೆ ಮಾಡಿದ್ದನ್ನೆಲ್ಲ ಹೇಳ್ಲಾ ಈಗ?" ಎಂದಳು. ಅವಳು ನಗುತ್ತಾ ಬೇಲಿ ದಾಟಿ ನೋಡಲು ಒಳಗೇ ಬಂದಳು.

ಕಾಫಿ ಗಿಡದಿಂದ ಸವರಿ ತೆಗೆದ ಕಡ್ಡಿಗಳ ಬೆಂಕಿಯಲ್ಲಿ ಹಂಡೆ ಕುದಿಯುತ್ತಿತ್ತು. ಅವ್ವನಿಗೆ ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಅಳಿಯ ಮಣೆಯ ಮೇಲೆ ಕೂತ. ಗಾಳಿ ಮಳೆಯಲ್ಲಿ ಕಂಬದ ತುದಿಯಲ್ಲಿ ನೇತಾಡುವ ಹುಡುಗ, ಮೂರು ಕೇಜಿ ಮಗುವನ್ನು ಕಾಲ ಮೇಲೆ ಮಲಗಿಸುತ್ತಿದ್ದಂತೆ ಬೆವರಿದ. ಅವ್ವ ಬಗ್ಗಿ, ಅವನ ಕೈಯನ್ನು ಹಿಡಿದು ಮಗುವಿನ ಕತ್ತಿನ ಕೆಳಗೆ ಇಟ್ಟಳು.

"ಇಲ್ಲಿ ಹಿಡ್ಕೋ. ಗಟ್ಟಿಯಾಗಿ ಬೇಡ ಕಣೋ, ಅದೇನು ತಂತಿನಾ? ಹಾಂ, ಹಂಗೆ. ಉಸಿರು ಬಿಡು ನೀನು ಮೊದ್ಲು."

ಅಲ್ಲಿಯವರೆಗೆ 'ಅಳಿಯಂದ್ರು, ಬನ್ನಿ, ಕೂರಿ' ಎಂದು ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದವಳು ಮಣೆಯ ಮೇಲೆ ಕೂತ ಕೂಡಲೇ ಅವನನ್ನು ಊರಿನ ಉಳಿದ ಹುಡುಗರ ಜೊತೆ ಸೇರಿಸಿಬಿಟ್ಟಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ಮಗುವಿನ ಮೈಮೇಲೆ. ಎಣ್ಣೆ ನೀವಿದಳು, ಕಾಲು ಮಡಿಸಿ ಬಿಡಿಸಿದಳು, ಮೂಗು ತೀಡಿದಳು. ಮಗು ಹೆಂಚು ಹಾರುವ ಹಾಗೆ ಅತ್ತಿತು. ಬೆನ್ನಿಗೆ ಬಿಸಿನೀರು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಅಳು ನಿಲ್ಲಿಸಿ, ಕಣ್ಣು ಅರ್ಧ ಮುಚ್ಚಿ, ಅಪ್ಪನ ಕಾಲಿಗೆ ಕೆನ್ನೆ ಒತ್ತಿ ಮಲಗಿತು. ಅಳಿಯ ಅಲುಗಾಡದೆ ಕೂತಿದ್ದ. ಅವನ ಕಣ್ಣಲ್ಲಿ ನೀರಿತ್ತು, ಹೊಗೆಗೆ ಎಂದ.

ಅವ್ವ ಕೊನೆಯ ಬೊಗಸೆಯನ್ನು ನಿವಾಳಿಸಿ ಚೆಲ್ಲಿದಳು. ಅನಂತರ ನನ್ನ ಕಡೆ ನೋಡಿ, "ಕಾಫಿ ಎಲ್ಲೇ? ಬಿಸಿ ಇರ್ಬೇಕು" ಎಂದಳು. ಎಷ್ಟೋ ವಾರಗಳಿಂದ ಕೇಳದ ದನಿ ಅದು. ನಾನು ಒಲೆಯ ಕಡೆ ಓಡಿದೆ.

ಮರುದಿನ ಅಳಿಯ ಡ್ಯೂಟಿಗೆ ಹೊರಟುಹೋದ. ಅವ್ವ ತಮ್ಮನ ಕಾರಿನಲ್ಲಿ ಹೊತ್ತಿಗೆ ಸರಿಯಾಗಿ ಬಂದು ಬಚ್ಚಲ ಕುರ್ಚಿಯಲ್ಲಿ ಕೂತು, ಮಣೆಯನ್ನು ಕೋಲಿನಿಂದ ತಟ್ಟಿ ನನ್ನನ್ನು ನೋಡಿದಳು.

"ನನ್ನ ಕೈಲಾಗಲ್ಲ ಅವ್ವ. ಜಾರ್ಬುಟ್ರೆ?"

"ಕೂತ್ಕೋ."

"ನಂಗೆ ಕೈ ನಡುಗ್ತದೆ."

ಅವ್ವ ಕೋಲನ್ನು ಗೋಡೆಗೆ ಒರಗಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಿಂಗೆ ಮೊದ್ಲ ಸಲ ನೀರು ಹಾಕ್ದಾಗ ನಂಗೂ ನಡುಗ್ತಿತ್ತು ಕಣೇ. ಬಚ್ಚಲಲ್ಲಿ ಒಬ್ಳೇ ಕೂತಿದ್ದೆ. ನಿನ್ನ ಬೀಳಿಸ್ಬುಡ್ತೀನಿ ಅಂತ ಹೆದ್ರಿ ಎರಡು ಕೈಯಲ್ಲೂ ಹಿಡ್ಕೊಂಡಿದ್ದೆ. ಮೂಗು ತೀಡಕ್ಕೆ ಕೈ ಎಲ್ಲಿ ಬಿಡ್ಲಿ?"

ನನ್ನ ಮೂಗಿನ ವಿಷಯದಲ್ಲಿ ಅಪ್ಪನ ಮೇಲೆ ಹೊರಿಸಿದ್ದ ಆಪಾದನೆ ಹೀಗೆ ಕೊನೆಗೂ ವಾಪಸಾಯಿತು. ನಾನು ಕೂತೆ. ಕಾಲು ಚಾಚಿದೆ. ಮಗಳು ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದಳು. ಬಿಸಿಯಾದ, ಮೆತ್ತನೆಯ, ಎಣ್ಣೆ ಹಚ್ಚಿದ ಒಂದು ಜೀವ. ಅವ್ವ ತನ್ನ ಕೈಯನ್ನು ನನ್ನ ಕೈಯ ಮೇಲೆ ಇಟ್ಟಿದ್ದಳು. ಅವಳು ನೀರು ಹಾಕಿದಾಗ ಅರ್ಧ ನೀರು ಮಗುವಿಗೆ, ಅರ್ಧ ನನಗೆ ಬಿತ್ತು. ಇಷ್ಟು ವರ್ಷದ ಮೇಲೆ ಅವ್ವನ ಕೈಯಿಂದ ನೀರು ಹಾಕಿಸಿಕೊಂಡದ್ದು ಸುಖವಾಗಿತ್ತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಬಾಣಂತನ ಮುಗಿಯುವವರೆಗೆ ಹೀಗೇ ನಡೆಯಿತು. ವಾರದ ದಿನ ನನ್ನ ಕಾಲು, ರಜೆಯ ದಿನ ಅಳಿಯನ ಕಾಲು. ಸುದ್ದಿ ಹಬ್ಬಿ, ಲೈನಿನ ಒಬ್ಬ ಬಾಣಂತಿಯ ಗಂಡನೂ ಬಂದು ನಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನೋಡಿಕೊಂಡು ಹೋದ. ನಿನ್ನ ಕಾಲು ತೀರಾ ಸಣ್ಣ, ನಡುವೆ ಬಟ್ಟೆ ಮಡಿಸಿ ಹಾಕಿಕೋ ಎಂದು ಅವ್ವ ಸಲಹೆ ಕೊಟ್ಟಳು. ಆನೆ ಬಂದ ದಿನದ ಫೋನುಗಳು ಮತ್ತೆ ಶುರುವಾದವು. ಒಂದು ಬೆಳಿಗ್ಗೆ, ಯಾರೂ ಕೇಳದೆಯೇ, ತಮ್ಮನನ್ನು ಕರೆದು, "ನಡೀ ಹಾಸನಕ್ಕೆ. ಕುರ್ಚಿ ಮೇಲೆ ಕೂತೇ ಕೆಲ್ಸ ಆಗ್ತದೆ ಅಂದ್ಮೇಲೆ ಮಂಡಿ ಕುಯ್ಸಕ್ಕೇನು" ಎಂದಳು.

ಎರಡೂ ಮಂಡಿಯ ಆಪರೇಷನ್ ಸರಿಯಾಗಿ ಆಯಿತು. ಗಾಯ ಒಣಗಿತು. ಆದರೆ ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿಗೆ ಅವ್ವ ಸಾಕುಸಾಕು ಮಾಡಿದಳು. ಮಂಚದ ಮೇಲೆ ಕಾಲು ಚಾಚಿ ಮಂಡಿಯನ್ನು ಹಾಸಿಗೆಗೆ ಒತ್ತಬೇಕು, ಅದು ಪೂರ್ತಿ ನೇರವಾಗಬೇಕು. ಅವ್ವನದು ಆಗುತ್ತಿರಲಿಲ್ಲ, ಹಾಸಿಗೆಯಿಂದ ಎರಡು ಬೆರಳಷ್ಟು ಎದ್ದೇ ಇರುತ್ತಿತ್ತು. ನೋವು ಎನ್ನುತ್ತಿದ್ದಳು, ನಾಳೆ ಎನ್ನುತ್ತಿದ್ದಳು, ಆ ಹುಡುಗಿಯ ಮದುವೆಯ ವಿಚಾರ ತೆಗೆಯುತ್ತಿದ್ದಳು.

ಒಂದು ದಿನ ನಾನು ಮಗುವನ್ನು ಎತ್ತಿಕೊಂಡು ಹೋಗಿದ್ದೆ. ಅದು ಆಗಲೇ ಕತ್ತು ನಿಲ್ಲಿಸಿ, ಮಗುಚಿಕೊಳ್ಳುತ್ತಿತ್ತು. ಹುಡುಗಿ ಎಂದಿನಂತೆ, "ಅಜ್ಜಿ, ಕಾಲು ನೇರ ಮಾಡಿ" ಎನ್ನುತ್ತಿದ್ದಳು. ಅವ್ವ ಮಗುವನ್ನು ನೋಡಿದಳು. ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡಳು. ಎರಡು ಕಾಲನ್ನೂ ಜೋಡಿಸಿ ಚಾಚಿದಳು, ಹಲ್ಲು ಕಚ್ಚಿ ಒತ್ತಿದಳು. ಎರಡು ಮಂಡಿಯೂ ಹಾಸಿಗೆಗೆ ಅಂಟಿ ಕೂತವು.

"ಕೊಡೇ ಇಲ್ಲಿ" ಎಂದಳು.

ಹುಡುಗಿಯ ಮುಖ ನೋಡಿದೆ. ಅವಳು ನಗುತ್ತಾ ತಲೆಯಾಡಿಸಿದಳು. ಎರಡು ಗಾಯದ ಗೆರೆಗಳ ಕೆಳಗೆ, ತಗ್ಗಿನಲ್ಲಿ, ಮಗುವನ್ನು ಮಲಗಿಸಿದೆ. ಬೀಳದ ಹಾಗೆ ಒಂದು ಕೈ ಇಟ್ಟುಕೊಂಡೇ ಇದ್ದೆ, ಅವ್ವ ಅದನ್ನು ಸರಿಸಲಿಲ್ಲ. ನೀರಿಲ್ಲ, ಎಣ್ಣೆಯಿಲ್ಲ, ಆದರೂ ಅವಳು ಒಂದನ್ನೂ ಬಿಡಲಿಲ್ಲ. ಮೈ ನೀವಿದಳು, ಕೈಕಾಲು ಮಡಿಸಿ ಬಿಡಿಸಿದಳು, ಮೂಗು ತೀಡಿದಳು, ಇನ್ನೊಂದೇ ಚೊಂಬು ಎಂದಳು. ಮಗು ಕೇಕೆ ಹಾಕಿ ಅವಳ ಹೊಸ ಮಂಡಿಯನ್ನು ಕೈಯಿಂದ ಬಡಿಯಿತು. ಅವ್ವ ಬರಿಗೈಯನ್ನೇ ಅದರ ಸುತ್ತ ನಿವಾಳಿಸಿ ಪಕ್ಕಕ್ಕೆ ಚೆಲ್ಲಿದಳು.

ಮಗುವನ್ನು ಎತ್ತಿ ಹುಡುಗಿಯ ಕೈಗೆ ಕೊಟ್ಟೆ. ಅವ್ವ ಕಾಲು ಮಡಿಸಲಿಲ್ಲ.

"ಬಾ ಇಲ್ಲಿ" ಎಂದು ನನ್ನನ್ನು ಕರೆದಳು. "ಇವತ್ತು ಎರಡು ಕೈನೂ ಬಿಡುವಾಗೈತೆ."

ಅರವತ್ತು ಮುಟ್ಟಿದ ನಾನು ಮಂಚದ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿ, ಅವಳ ಬೆರಳಿಗೆ ಮೂಗು ಕೊಟ್ಟೆ.